ಹನ್ನೆರಡರ ಮಾಡೆಲ್

ಮೊರಬದಲ್ಲಿ ಯಾರೇ ಹಳೆಯ ದೊಡ್ಡ ವ್ಯಾನು ಕೊಳ್ಳಲಿ, ಮೊದಲು ನನಗೆ ತೋರಿಸುತ್ತಾರೆ. ಹದಿನೈದು ವರ್ಷದಿಂದ ಹೀಗೇ ನಡೆದು ಬಂದಿದೆ. ಬಾನೆಟ್ ಎತ್ತುವ ಮೊದಲೇ ನಾನು ಯಾವ ವರ್ಷದ ಮಾಡೆಲ್ ಎಂದು ಕೇಳುತ್ತೇನೆ. ಎರಡು ಸಾವಿರದ ಒಂಬತ್ತರದು ಅಂದರೆ ಕಣ್ಣು ಮುಚ್ಚಿ ತಗೋ ಅನ್ನುತ್ತೇನೆ. ಹನ್ನೊಂದರದು ಅಂದರೆ ಬಾಗಿಲಿಂದಲೇ ಕಳಿಸುತ್ತೇನೆ, ಆ ವರ್ಷದ ಗೇರ್ ಬಾಕ್ಸ್ ಎರಡು ಮಳೆಗಾಲ ಬಾಳುವುದಿಲ್ಲ. ನನ್ನ ವ್ಯಾನು ಒಂಬತ್ತರದು. ಅದನ್ನು ಹೊಗಳಿ ಹೊಗಳಿ ಊರಿಗೆಲ್ಲ ಬಾಯಿಪಾಠ ಮಾಡಿಸಿದ್ದೇನೆ. ಆದರೆ ಅದರ ಚಾಸಿಗೆ, ಅಂದರೆ ತಳದ ಚೌಕಟ್ಟಿಗೆ, ಎರೆ ಮಣ್ಣಿನ ಹಸಿಯಿಂದ ತುಕ್ಕು ಹತ್ತಿರುವುದು ನನಗೆ ಗೊತ್ತು, ಹೆಂಡತಿ ಮೈಲಾರವ್ವನಿಗೆ ಗೊತ್ತು, ವೆಲ್ಡಿಂಗಿನವನಿಗೆ ಗೊತ್ತು.

ಬೀರಲಿಂಗ ನನ್ನ ಷಡ್ಡಕ, ಮೈಲಾರವ್ವನ ತಂಗಿಯ ಗಂಡ. ಇಷ್ಟು ದಿನ ಮಂದಿಯ ಟ್ರ್ಯಾಕ್ಟರ್ ಓಡಿಸುತ್ತಿದ್ದವನು, ಕೂಲಿ ಹೆಣ್ಣುಮಕ್ಕಳನ್ನು ಹೊಲಕ್ಕೆ ಒಯ್ಯಲು ಸ್ವಂತ ಗಾಡಿ ಮಾಡುತ್ತೇನೆಂದು ಹೊರಟ. ದುಮ್ಮವಾಡದ ಸಂಗನಬಸವರ ವ್ಯಾನು ನೋಡಲು ನನ್ನನ್ನು ಕರೆದೊಯ್ದ.

ಅದು ಹನ್ನೆರಡರ ಮಾಡೆಲ್. ಹನ್ನೊಂದರ ತಪ್ಪನ್ನು ಕಂಪನಿಯವರು ಆ ವರ್ಷ ತಿದ್ದಿದ್ದರು. ಗಾಡಿಯ ಕೆಳಗೆ ತೂರಿ ನೋಡಿದೆ. ಕೆಂಪು ಮಣ್ಣಿನ ಕಡೆ ಓಡಿದ್ದು, ಎಲ್ಲೂ ತುಕ್ಕಿಲ್ಲ. ತಣ್ಣಗಿದ್ದ ಇಂಜಿನ್ನು ಕೀಲಿ ತಿರುವಿದ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು, ಹೊಗೆಯೂ ಇಲ್ಲ. ಇಷ್ಟು ವರ್ಷ ಹುಡುಕಿದರೂ ನನಗೆ ಸಿಗದ ಗಾಡಿ, ಮೊನ್ನೆಯವರೆಗೆ ಟ್ರ್ಯಾಕ್ಟರ್ ಬಿಟ್ಟು ಬೇರೆ ಸ್ಟಿಯರಿಂಗ್ ಹಿಡಿಯದವನಿಗೆ ಸಿಗುತ್ತಿದೆ. ನನ್ನ ಹೊಟ್ಟೆ ಧಗಧಗ ಉರಿಯಿತು.

"ಯಾಕಣ್ಣಾ, ಸುಮ್ಮನಾದ್ರಿ?" ಅಂದ ಬೀರಲಿಂಗ.

"ಗೇರ್ ಬಾಕ್ಸ್ ತ್ರಾಸಿಂದು. ಹನ್ನೊಂದು, ಹನ್ನೆರಡು, ಎರಡೂ ಒಂದ ತಳಿ. ಬ್ಯಾಡ ಬಿಡು."

ಒಂದೇ ವರ್ಷದ ಸುಳ್ಳು. ಅವನು ತಿರುಗಿ ಒಂದು ಮಾತು ಕೇಳಲಿಲ್ಲ. ಮರಳಿ ಬರುವಾಗ ಬಸ್ಸಿನಲ್ಲಿ ಕಿಟಕಿ ಬಾಜು ಸೀಟು ನನಗೇ ಬಿಟ್ಟುಕೊಟ್ಟ.

ಮರುದಿನ ಬೆಳಿಗ್ಗೆ ನಮ್ಮ ಮನೆಗೆ ಬಂದ. ಮೈಲಾರವ್ವ ಚಹಾ ಕೊಟ್ಟಳು.

"ಅಣ್ಣಾ, ಒಂಬತ್ತರದ್ದ ಛಲೋ ಅಂತ ನೀವ ಹೇಳತೀರಿ. ನಿಮ್ಮ ಗಾಡಿ ನನಗ ಕೊಡ್ರಿ, ನೀವು ಬ್ಯಾರೆ ನೋಡಕೋರಿ. ಹದಿನಾಲ್ಕು ಹೆಣ್ಣಮಕ್ಕಳನ್ನ ಕುಂಡ್ರಿಸಿಕೊಂಡು ಹೋಗಾಂವ ನಾ. ನಿಮ್ಮ ಗಾಡಿ ಅಂದ್ರ ನನಗ ಅಂಜಿಕಿ ಇಲ್ಲ."

ಮೈಲಾರವ್ವ ಒಳಗೆ ಹೋಗದೆ ಅಲ್ಲೇ ನಿಂತು ನನ್ನನ್ನು ನೋಡಿದಳು. ನಾನು ತಲೆ ತಗ್ಗಿಸಿದೆ.

"ನಂದು ಬ್ಯಾಡೋ. ಚಾಸಿ ತುಕ್ಕ ಹಿಡದು ಹೋಗೇತಿ. ಸಂಗನಬಸವರದ್ದ ತಗೋ, ಅಗದಿ ಛಲೋ ಐತಿ."

ಅವನ ಮುಖ ಸಣ್ಣದಾಯಿತು. "ಕೊಡಾಕ ಮನಸಿಲ್ಲಂದ್ರ ಹಂಗ ಹೇಳ್ರಿ ಅಣ್ಣಾ. ನಿನ್ನೆ ನೀವ ಬ್ಯಾಡಂದ ಗಾಡೀನ ಇವತ್ತ ಯಾಕ ನನ್ನ ಕೊರಳಿಗೆ ಕಟ್ಟತೀರಿ?"

ಚಹಾ ಕುಡಿಯದೆ ಎದ್ದ. ಹೀಗೆ ಹೋದರೆ ಎಲ್ಲಿಯೋ ಬಣ್ಣ ಬಳಿದ ಡಬ್ಬಾ ಗಾಡಿ ತಂದು, ಅದರಲ್ಲಿ ಆ ಹೆಣ್ಣುಮಕ್ಕಳನ್ನು ತುಂಬುತ್ತಾನೆ. ನನಗೆ ಬೇರೆ ದಾರಿ ಉಳಿಯಲಿಲ್ಲ.

"ಬೀರ್ಯಾ, ನಿಂದ್ರು. ನಾ ಎಷ್ಟೋ ಗಾಡಿ ನೋಡೀನಿ, ಯಾವದಕ್ಕೂ ನನ್ನ ಹೊಟ್ಟಿ ಉರದಿಲ್ಲ. ಅದನ್ನ ನೋಡಿ ಉರೀತು. ನಿನಗ ಸಿಗಬಾರದಂತ ಸುಳ್ಳ ಹೇಳಿದೆ."

ಬೀರಲಿಂಗ ನನ್ನ ಮುಖವನ್ನು ದಿಟ್ಟಿಸಿ ನೋಡಿದ. ಚಪ್ಪಲಿ ಮೆಟ್ಟಿ ಹೋದ. ಸಂಜೆ ಆ ವ್ಯಾನು ಅವನ ಮನೆ ಮುಂದೆ ನಿಂತಿತ್ತು.

ವರ್ಷವಾಯಿತು, ಅದು ಒಮ್ಮೆಯೂ ಗ್ಯಾರೇಜು ಕಂಡಿಲ್ಲ. ಅವನು ಈಗಲೂ ಅಣ್ಣಾ ಅನ್ನುತ್ತಾನೆ. ಆದರೆ ಗಾಡಿ ಸ್ಟ್ಯಾಂಡಿನಲ್ಲಿ ಎಲ್ಲರಿಗೂ ನನ್ನ ಹೊಟ್ಟೆಯುರಿಯ ಸಂಗತಿ ಹೇಳಿಬಿಟ್ಟಿದ್ದಾನೆ. ಜನ ಇನ್ನೂ ನನ್ನ ಹತ್ತಿರವೇ ಗಾಡಿ ತರುತ್ತಾರೆ. ಹೋದ ವಾರ ಅದೇ ಸ್ಟ್ಯಾಂಡಿನ ಹುಡುಗ ಲಕ್ಕಪ್ಪ ಹದಿಮೂರರ ಮಾಡೆಲ್ ಒಂದನ್ನು ತಂದ. ನಾನು ಬಾನೆಟ್ ಎತ್ತಿ ಇಂಜಿನ್ನಿಗೆ ಕಿವಿ ಕೊಟ್ಟೆ, ಒಂದು ಅಪಸ್ವರವಿಲ್ಲ. ಅವನು ಗಾಡಿಯ ಕಡೆ ನೋಡಲೇ ಇಲ್ಲ, ನನ್ನ ಎದುರಿಗೆ ಬಂದು ಮುಖವನ್ನೇ ನೋಡುತ್ತ ನಿಂತ. ನಾನು ಇನ್ನೂ ಬಾಯಿ ತೆರೆದಿರಲಿಲ್ಲ.

"ಸಾಕು ಬಿಡ್ರಿ ಕಾಕಾ, ತಿಳೀತು" ಅಂದವನೇ ಮಾಲಕನಿಗೆ ಫೋನು ಹಚ್ಚಿ, ಗಾಡಿ ನಾನೇ ತಗೋತೀನಿ ಅಂದ.