ಇದ್ದಿಲಲ್ಲಿ ಬರೆದ ಹೆಸರು

ಗಾಳಿ ಸರಿಯಾಗಿದೆಯೇ ಎಂದು ರಮಿಲ್ ಸೈಕಲ್ಲಿನ ಮುಂದಿನ ಚಕ್ರವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ್ದು ಇದು ಮೂರನೆಯ ಸಲ.

"ಅದೇನು ಮಾವಿನಹಣ್ಣೇನೋ, ಒತ್ತಿ ಒತ್ತಿ ನೋಡೋಕೆ?" ಎಂದ ಬೋಯೆಟ್. ಅವನು ತಾವು ಬಂದ ಜೀಪ್ನಿ ಬಸ್ಸಿನ ಮಾಡಿನ ಮೇಲೆ ಕೂತು ತನ್ನ ಸೈಕಲ್ಲಿಗೆ ಕಟ್ಟಿದ್ದ ಹಗ್ಗ ಬಿಚ್ಚುತ್ತಿದ್ದ. "ದಾರಿಯುದ್ದಕ್ಕೂ ಕಾಲು ಅಲ್ಲಾಡಿಸಿ ಅಲ್ಲಾಡಿಸಿ ನನ್ನ ನಿದ್ದೆ ಕೆಡಿಸ್ದೆ. ಈಗ್ಲಾದ್ರೂ ಒಂದ್ಕಡೆ ಕೂತ್ಕೊ ಮಾರಾಯ."

ರಮಿಲ್ ಕೂರಲಿಲ್ಲ. ಬೆಳಗಿನ ಏಳು ಗಂಟೆ. ಬಲ್ಲುವಾಯ್ ಊರು ಮುಗಿದು ಪೈನ್ ಮರಗಳು ಶುರುವಾಗುವ ಕಡೆ ವಾಸಿಂಗನ ಮನೆ. ಮನೆಯ ಕೆಳಗಿನ ಇಳಿಜಾರಿನ ತುಂಬ ಎಲೆಕೋಸು, ಕ್ಯಾರೆಟ್ಟು. ಆ ಹೊಲಗಳ ಅಂಚು ಹಿಡಿದು ಸೈಕಲ್ ಜಾಡು ಹೊಳೆಯ ತನಕ ಇಳಿಯುತ್ತದೆ. ಒಟ್ಟು ಹದಿನೇಳು ತಿರುವು. ಮನಿಲಾದ ಸೆಕೆಯಿಂದ ತಪ್ಪಿಸಿಕೊಂಡು ಬಂದು, ವಾಸಿಂಗನ ಹೆಂಡತಿ ಡೊಮಿಂಗಾಳ ಕೈಯಡುಗೆ ಉಂಡು, ಆ ಹದಿನೇಳು ತಿರುವನ್ನು ಇಳಿಯದಿದ್ದರೆ ಒಂದು ಕಾಲದಲ್ಲಿ ಇವರಿಬ್ಬರಿಗೂ ತಿಂದದ್ದು ಅರಗುತ್ತಿರಲಿಲ್ಲ. ಈ ವರ್ಷ ಮಾತ್ರ ಬೋಯೆಟ್ ಕರೆದಾಗಲೆಲ್ಲ ರಮಿಲ್‌ಗೆ ಏನಾದರೊಂದು ನೆಪ ಸಿಗುತ್ತಿತ್ತು. ಮೂರನೆಯ ಸಲ ನೆಪವೂ ಖಾಲಿಯಾಗಿ ಹೊರಟು ಬಂದಿದ್ದ.

"ಹತ್ತು ನಲವತ್ತು ಬಂದ್ರಾ?" ಎನ್ನುತ್ತ ವಾಸಿಂಗ್ ಹೊರಬಂದ. ಐವತ್ತೈದರ ಗಟ್ಟಿ ಆಳು. ಬಲಗೈಯನ್ನು ಜಾಕೆಟ್ಟಿನ ಜೇಬಿನೊಳಗೆ ತೂರಿಸಿಟ್ಟಿದ್ದ. ತೂರಿಸದಿದ್ದರೆ ಅದು ಒದ್ದೆ ಬಟ್ಟೆಯ ಹಾಗೆ ಜೋತಾಡುತ್ತದೆ. ಅವನು ಎಡಗೈ ಚಾಚಿದ. ರಮಿಲ್ ಮರೆತು ಬಲಗೈ ಚಾಚಿ, ತಡವರಿಸಿ, ಎಡಗೈ ಕೊಟ್ಟ.

ಹತ್ತು ನಲವತ್ತು ಎಂದರೆ ರಮಿಲ್‌ನ ದಾಖಲೆ. ಹತ್ತು ನಿಮಿಷ ನಲವತ್ತು ಸೆಕೆಂಡು. ಈ ಜಾಡನ್ನು ಕಡಿದು, ಕೆತ್ತಿ, ಪ್ರತಿ ಮಳೆಗಾಲ ಮುಗಿದ ಮೇಲೆ ಗುದ್ದಲಿ ಹಿಡಿದು ಸರಿಮಾಡುತ್ತಿದ್ದ ವಾಸಿಂಗನೇ ಚೆನ್ನಾಗಿ ಇಳಿದವರ ಹೆಸರು, ಸಮಯ, ತಾರೀಖು ಎಲ್ಲವನ್ನೂ ಅಡುಗೆಮನೆಯ ಗೋಡೆಯ ಮೇಲೆ ಇದ್ದಿಲಲ್ಲಿ ಬರೆದಿಡುತ್ತಿದ್ದ. ಎಲ್ಲಕ್ಕಿಂತ ಮೇಲೆ ರಮಿಲ್‌ನ ಹೆಸರು. ಅದರ ಪಕ್ಕದ ತಾರೀಖು ಹೋದ ನವೆಂಬರಿನದು. ವಾಸಿಂಗ್ ಹನ್ನೊಂದನೆಯ ತಿರುವಿನಲ್ಲಿ ಬಿದ್ದು, ಭುಜದ ನರ ಹರಿದುಕೊಂಡದ್ದೂ ಅದೇ ದಿನ. ಬಲಗೈ ಹೋಗಿದೆ, ಆದರೂ ಎಡಗೈಯಲ್ಲಿ ಸೊಟ್ಟಸೊಟ್ಟಗೆ ಆ ಹೆಸರನ್ನು ಆಮೇಲೆ ಬರೆದಿದ್ದ. ಎಂಥ ಮನುಷ್ಯನಪ್ಪ ಎಂದು ಬಂದವರೆಲ್ಲ ಕೊಂಡಾಡುತ್ತಿದ್ದರು.

ಈ ಬೆಟ್ಟದ ಕಡೆ ಒಂದು ಕಟ್ಟುಪಾಡಿದೆ. ರಸ್ತೆಯಲ್ಲಿ ಲಾರಿ ಕೆಟ್ಟು ನಿಂತರೆ, ಹಿಂದಿನಿಂದ ಬರುವವರು ಗುದ್ದದಿರಲಿ ಎಂದು ಹಸಿ ಕೊಂಬೆ ಮುರಿದು ಹಿಂದೆ ಹಾಕುತ್ತಾರಲ್ಲ, ಸೈಕಲ್ ಜಾಡಿಗೂ ಅದೇ ನಿಯಮ. ನೆಲ ಕುಸಿದದ್ದನ್ನು ಮೊದಲು ಕಂಡವನು ಸೈಕಲ್ಲಿನಿಂದ ಇಳಿಯಬೇಕು, ಎಲೆಯಿರುವ ಕೊಂಬೆಯೊಂದನ್ನು ತಿರುವಿನ ಈಚೆ ನೆಡಬೇಕು, ಆಮೇಲೆ ಹೋಗಬೇಕು. ಎಲ್ಲ ಸೇರಿ ಒಂದು ನಿಮಿಷದ ಕೆಲಸ.

ಆ ದಿನ ಬೋಯೆಟ್‌ನ ಚೈನು ಮೂರನೆಯ ತಿರುವಿನಲ್ಲೇ ಹರಿದು ಅವನು ನಡೆದು ವಾಪಸು ಹೋಗಿದ್ದ. ರಮಿಲ್ ಮುಂದೆ, ಸಲಕರಣೆಯ ಚೀಲ ಬೆನ್ನಿಗೆ ಹಾಕಿಕೊಂಡು, ಎಂದಿನಂತೆ ಎಲ್ಲರಿಗಿಂತ ಕೊನೆಗೆ, ವಾಸಿಂಗ್. ಹನ್ನೊಂದನೆಯ ತಿರುವಿನಲ್ಲಿ ಜಾಡಿನ ಎಡಭಾಗ ಹಿಂದಿನ ವಾರದ ಬಿರುಗಾಳಿಗೆ ಕಳಚಿ ಬಿದ್ದಿತ್ತು. ರಮಿಲ್ ಕೂದಲೆಳೆಯಲ್ಲಿ ಬಲಕ್ಕೆ ಒರಗಿ ದಾಟಿಬಿಟ್ಟ. ಹಿಡಿಕೆಗೆ ಕಟ್ಟಿದ್ದ ಗಡಿಯಾರ ಆರೂವರೆ ನಿಮಿಷ ತೋರಿಸುತ್ತಿತ್ತು. ಜನ್ಮದಲ್ಲಿ ಅಷ್ಟು ಬೇಗ ಅಲ್ಲಿಗೆ ಬಂದಿರಲಿಲ್ಲ. ವಾಸಿಂಗನಿಗೆ ಈ ಜಾಡು ಅಂಗೈ ಗೆರೆ ಇದ್ದಹಾಗೆ, ನೋಡಿಕೊಳ್ಳುತ್ತಾನೆ ಎಂದುಕೊಂಡ. ಕೆಳಗೆ ಹೊಳೆಯ ಹತ್ತಿರ ನಿಂತು ಅರ್ಧ ಗಂಟೆ ಕಾದ. ಆಮೇಲೆ ಜನ ಸೇರಿದಾಗ, "ನೀನು ದಾಟಿದ ಮೇಲೆ ನೆಲ ಕುಸಿದಿರಬೇಕು, ನಿನ್ನ ಅದೃಷ್ಟ" ಎಂದರು ಯಾರೋ. ರಮಿಲ್ ತಲೆಯಾಡಿಸಿದ. ಅಂದಿನಿಂದ ಅವನನ್ನು ಸುಡುತ್ತಿದ್ದದ್ದು ಆ ತಲೆಯಾಡಿಸಿದ್ದು.

ಬೋಯೆಟ್ ಕಾಫಿಯ ವಾಸನೆ ಹಿಡಿದು ಒಳಗೆ ಹೋದ. ವಾಸಿಂಗ್ ಕೊಟ್ಟಿಗೆಯ ಪಕ್ಕ ಕೂತು ಕತ್ತಿಯನ್ನು ಮೊಣಕಾಲುಗಳ ನಡುವೆ ಸಿಕ್ಕಿಸಿಕೊಂಡು ಎಡಗೈಯಲ್ಲಿ ಮಸೆಯುತ್ತಿದ್ದ. ರಮಿಲ್ ಅವನ ಮುಂದೆ ಎರಡು ಸಲ ಹಾದು ಹೋದ, ಮೂರನೆಯ ಸಲ ನಿಂತ.

"ಮನೋಂಗ್," ಎಂದ, ಇಲ್ಲಿಯವರು ಅಣ್ಣನನ್ನು ಕರೆಯುವ ಹಾಗೆ. "ಅವತ್ತು ಆ ಗುಂಡಿ ನಾನು ನೋಡಿದ್ದೆ."

ಕತ್ತಿ ಮಸೆಯುವ ಸದ್ದು ನಿಲ್ಲಲಿಲ್ಲ.

"ಗೊತ್ತು," ಎಂದ ವಾಸಿಂಗ್.

ರಮಿಲ್ ಅಲ್ಲೇ ಕುಕ್ಕರಿಸಿದ.

"ಬಿದ್ದಲ್ಲೇ ಒಂದು ಗಂಟೆ ಮಲಗಿದ್ದೆನಲ್ಲ, ನೋಡೋಕೆ ಬೇರೆ ಏನಿತ್ತು? ನಿನ್ನ ಚಕ್ರದ ಗುರುತು ಕಣ್ಣೆದುರಿಗೇ ಇತ್ತು. ಗುಂಡಿ ಹತ್ರ ಬಂದು, ಬಳಸ್ಕೊಂಡು, ಚೆಂದಾಗಿ ಬಲಕ್ಕೆ ಹೋಗಿತ್ತು."

"ಗೊತ್ತಿದ್ದೂ ಯಾಕೆ ಹೇಳ್ಲಿಲ್ಲ?"

"ನೀನು ಹೇಳ್ತೀಯೇನೋ ಅಂತ ಕಾದೆ. ವಾರ ಆಯ್ತು, ತಿಂಗಳಾಯ್ತು. ಆಮೇಲೆ ಸಿಟ್ಟು ಬಂತು, ನಿನ್ನ ಹೆಸರು ಗೋಡೆ ಮೇಲೆ ಬರೆದೆ. ನೋಡ್ಕೊಳ್ಲಿ ಬಂದಾಗ ಅಂತ."

"ಅಳಿಸಿಬಿಡ್ತೀನಿ ಮನೋಂಗ್. ಈಗ್ಲೇ. ಡೊಮಿಂಗಾ ಮನಾಂಗ್‌ಗೂ ಎಲ್ಲ ಹೇಳಿಬಿಡ್ತೀನಿ."

"ಕೈ ಹಚ್ಚಿದ್ರೆ ನೋಡು." ವಾಸಿಂಗ್ ಮೊದಲ ಸಲ ತಲೆಯೆತ್ತಿದ. "ಅಳಿಸಿದ್ರೆ ಅವಳು ಯಾಕೆ ಅಂತಾಳೆ. ಗೊತ್ತಾದ್ರೆ ನಾಳೆಯಿಂದ ಒಬ್ಬ ಸೈಕಲ್ಲಿನವನನ್ನೂ ಒಳಗೆ ಬಿಡಲ್ಲ, ಅವಳನ್ನ ನೀನು ಬಲ್ಲೆ. ನಿಮ್ಮ ಗಲಾಟೆನೂ ಇಲ್ದಿದ್ರೆ ನಾನಿಲ್ಲಿ ಈ ಕೈ ಇಟ್ಕೊಂಡು ಎಲೆಕೋಸಿನ ಮುಖ ನೋಡ್ತಾ ಕೂರ್ಬೇಕು. ನಿಂಗೆ ಹಗುರ ಆಗ್ಬೇಕು ಅಂತ ನನ್ನ ಮನೆ ಬಾಗಿಲು ಮುಚ್ಚಿಸಬೇಡ. ನೀನೇ ಹೊತ್ಕೊ. ಈಗ ನಡಿ, ಅನ್ನ ಆರುತ್ತೆ."

ಅಡುಗೆಮನೆಯ ಮೇಜಿನ ಮೇಲೆ ಕೆಂಪಕ್ಕಿ ಅನ್ನ, ಹೊಗೆಯಲ್ಲಿ ಒಣಗಿಸಿದ ಹಂದಿಮಾಂಸ, ಸೀಮೆಬದನೆಯ ಸಾರು. ಬೋಯೆಟ್ ಆಗಲೇ ಎರಡನೆಯ ಸುತ್ತಿಗೆ ಕೈಹಾಕಿದ್ದ. ರಮಿಲ್‌ಗೆ ಗೋಡೆಯ ಕಡೆ ಬೆನ್ನು ಹಾಕಿ ಕೂರುವ ಜಾಗವೇ ಸಿಕ್ಕಿತು. ಆದರೂ ಕುತ್ತಿಗೆಯ ಹಿಂದೆ ಯಾರೋ ನಿಂತಂತೆ ಅನಿಸುತ್ತಿತ್ತು. ನಾಲ್ಕು ತುತ್ತು ನುಂಗಿ ಎದ್ದುಬಿಟ್ಟ.

"ನಾನು ಮುಂದೆ ಹೋಗಿರ್ತೀನಿ. ಬಿಸಿಲೇರೋಕೆ ಮುಂಚೆ ಇಳಿದ್ಬಿಡ್ತೀನಿ."

"ಯಾರು ಅಟ್ಟಿಸ್ಕೊಂಡು ಬರ್ತಿದಾರೆ ನಿನ್ನ?" ಎಂದ ಬೋಯೆಟ್, ಬಾಯಿತುಂಬ ಅನ್ನವಿಟ್ಟುಕೊಂಡು.

"ಇರು, ಇರು, ಹೊಸಿಲು ದಾಟ್ಬೇಡ." ಒಲೆಯ ಮುಂದಿದ್ದ ಡೊಮಿಂಗಾ ಗಡಬಡಿಸಿ ತಟ್ಟೆಯೊಂದಕ್ಕೆ ಅನ್ನ ಹಾಕಿಕೊಂಡು ಬಂದು ಕೂತಳು. ಅವಳು ಕೆಳನಾಡಿನವಳು, ಮದುವೆಯಾಗಿ ಬೆಟ್ಟ ಹತ್ತಿದವಳು. ಅಲ್ಲಿ ಎಲ್ಲರೂ ಉಣ್ಣುತ್ತಿರುವಾಗ ಯಾರಾದರೂ ಎದ್ದು ಪ್ರಯಾಣ ಹೊರಟರೆ, ಕೂತವರು ತಮ್ಮ ತಟ್ಟೆಯನ್ನು ಒಂದು ಸುತ್ತು ತಿರುಗಿಸುತ್ತಾರೆ. ತಿರುಗಿಸಿದರೆ ಹೋದವನು ಕ್ಷೇಮವಾಗಿ ಮರಳುತ್ತಾನೆ. ತವರಿನಿಂದ ಅವಳು ತಂದದ್ದು ಅದೊಂದೇ ಎಂದು ವಾಸಿಂಗ್ ಹಿಂದೆ ಛೇಡಿಸುತ್ತಿದ್ದ. ಈಗ ಛೇಡಿಸುವುದಿಲ್ಲ.

"ನಾನು ಕೂತಿರ್ದೆ ಯಾರೂ ಈ ಮನೆಯಿಂದ ಹೊರಡೋ ಹಾಗಿಲ್ಲ," ಎಂದಳು ಡೊಮಿಂಗಾ, ಉಸಿರು ಬಿಡುತ್ತ. "ಅವತ್ತು ಹಂದಿಗೆ ಹಾಕೋಕೆ ಅಂತ ಹಿತ್ತಲಿಗೆ ಹೋಗಿದ್ದೆ. ಬಂದು ನೋಡಿದ್ರೆ ಇವರು ಅರ್ಧ ತಟ್ಟೆ ಬಿಟ್ಟು ಹೊರಟೇ ಹೋಗಿದ್ರು. ತಿರುಗಿಸೋಕೆ ಒಂದು ನರಪಿಳ್ಳೆ ಇರ್ಲಿಲ್ಲ. ಅವರ ಕೈ ನಾನೇ ತೆಗೆದ ಹಾಗಾಯ್ತು."

"ಏನೇನೋ ಮಾತಾಡ್ಬೇಡ," ಎಂದ ವಾಸಿಂಗ್.

"ಏನೇನೋ ಏನಲ್ಲ. ಒಂದು ವರ್ಷದಿಂದ ದಿನಾ ಬೆಳಗ್ಗೆ ನಿಮಗೆ ಅಂಗಿ ತೊಡಿಸ್ತಾ ಅದೇ ಅಂದ್ಕೋತೀನಿ. ಹಂದಿ ಒಂದು ಗಳಿಗೆ ಕಾಯ್ತಿರ್ಲಿಲ್ವಾ ಅಂತ. ನಿಮಗೆ ಹೇಳಿರ್ಲಿಲ್ಲ, ಅಷ್ಟೆ." ಅವಳು ತಟ್ಟೆಯ ಅಂಚಿಗೆ ಎರಡೂ ಕೈ ಇಟ್ಟಳು. "ಹೋಗಪ್ಪ, ಹೋಗ್ಬಾ."

ರಮಿಲ್ ವಾಸಿಂಗನ ಕಡೆ ನೋಡಿದ. ವಾಸಿಂಗ್ ಹೆಂಡತಿಯನ್ನು ನೋಡುತ್ತಿದ್ದ, ಇಪ್ಪತ್ತೆಂಟು ವರ್ಷದಲ್ಲಿ ಅವಳನ್ನು ಮೊದಲ ಸಲ ನೋಡುವವನಂತೆ. ಬೇಡ ಎಂದು ಅವನು ಕಣ್ಣಲ್ಲಿ ಹೇಳುತ್ತಾನೆಂದು ರಮಿಲ್ ಒಂದು ಕ್ಷಣ ಕಾದ. ವಾಸಿಂಗ್ ಕಣ್ಣು ತಗ್ಗಿಸಿ ಅನ್ನ ನೋಡತೊಡಗಿದ.

"ಮನಾಂಗ್, ತಟ್ಟೆಯಿಂದ ಆಗಿದ್ದಲ್ಲ ಅದು," ಎಂದ ರಮಿಲ್. ಧ್ವನಿ ತನ್ನದಲ್ಲವೆನ್ನುವಷ್ಟು ಸಣ್ಣಗಿತ್ತು. "ನಾನು ಗುಂಡಿ ನೋಡಿದ್ದೆ. ಕೊಂಬೆ ನೆಡ್ಲಿಲ್ಲ. ಇಳಿದು ನೆಟ್ಟಿದ್ರೆ ಆ ಗೋಡೆ ಮೇಲೆ ನನ್ನ ಹೆಸರು ಬರ್ತಿರ್ಲಿಲ್ಲ, ಅದಕ್ಕೇ ನೆಡ್ಲಿಲ್ಲ."

ಬೋಯೆಟ್ ಅಗಿಯುವುದನ್ನು ನಿಲ್ಲಿಸಿದ. ಡೊಮಿಂಗಾ ಗಂಡನ ಕಡೆ ತಿರುಗಿದಳು.

"ನಿಮಗೆ ಗೊತ್ತಿತ್ತಾ?"

ವಾಸಿಂಗ್ ಅನ್ನದ ಅಗುಳೊಂದನ್ನು ತಟ್ಟೆಯ ಅಂಚಿಗೆ ತಳ್ಳಿದ. ಅವಳಿಗೆ ಅಷ್ಟು ಸಾಕಾಯಿತು. ಅವಳು ಗೋಡೆಯ ಮೇಲಿನ ಸೊಟ್ಟ ಅಕ್ಷರಗಳನ್ನು ನೋಡಿದಳು, ಗಂಡನ ಜೇಬಿನೊಳಗಿನ ಕೈ ನೋಡಿದಳು. ಮುಖದಲ್ಲಿ ಅಳುವೂ ಇರಲಿಲ್ಲ, ಸಿಟ್ಟೂ ಕಾಣಲಿಲ್ಲ. ತಟ್ಟೆಯ ಅಂಚಿನಿಂದ ಎರಡೂ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು.

ಇನ್ನು ಇಲ್ಲಿ ನಿಲ್ಲಲಾರೆ ಎನಿಸಿ ರಮಿಲ್ ಹೆಲ್ಮೆಟ್ ಎತ್ತಿಕೊಂಡ. ಬೋಯೆಟ್ ಅಭ್ಯಾಸಬಲದಿಂದ ತನ್ನ ತಟ್ಟೆ ತಿರುಗಿಸಹೋಗಿ, ಅವಳ ಮುಖ ನೋಡಿ ಕೈ ಹಿಂತೆಗೆದ. ರಮಿಲ್ ಹೊಸಿಲ ತನಕ ಹೋಗಿದ್ದ.

"ನಿಲ್ಲು," ಎಂದಳು ಡೊಮಿಂಗಾ.

ಅವನು ನಿಂತ.

"ನಿಂಗೆ ನಾನು ತಟ್ಟೆ ತಿರುಗಿಸಲ್ಲ. ನನ್ನ ಕೈ ಏಳಲ್ಲ. ತಿರುಗಿಸ್ದೆ ಕಳಿಸೋಕೂ ನನ್ನಿಂದ ಆಗಲ್ಲ. ಒಂದ್ಸಲ ಅನುಭವಿಸಿದ್ದು ಸಾಕು. ಕೂತ್ಕೊ. ನನ್ನ ಊಟ ಮುಗೀಲಿ. ತಟ್ಟೆ ತೊಳೆದಿಟ್ಟ ಮೇಲೆ ಎಲ್ಲಿಗಾದ್ರೂ ಹೋಗು."

ರಮಿಲ್ ಬಂದು ಕೂತ. ಹೆಲ್ಮೆಟ್ಟನ್ನು ತೊಡೆಯ ಮೇಲೆ ಇಟ್ಟುಕೊಂಡ. ಬೋಯೆಟ್‌ನ ತಟ್ಟೆ ಖಾಲಿಯಾಯಿತು, ಸ್ವಲ್ಪ ಹೊತ್ತಿಗೆ ವಾಸಿಂಗನದೂ. ಡೊಮಿಂಗಾ ಅನ್ನವನ್ನು ಬೆರಳಲ್ಲಿ ಚಿಕ್ಕ ಚಿಕ್ಕ ಉಂಡೆ ಮಾಡಿ, ಒಂದೊಂದನ್ನೇ ಬಾಯಿಗಿಟ್ಟು, ಹಲ್ಲುನೋವಿನವರ ಹಾಗೆ ಅಗಿದು ನುಂಗುತ್ತಿದ್ದಳು. ಹೊರಗೆ ಮಂಜು ಕರಗಿ ಎಲೆಕೋಸಿನ ಹೊಲದ ಮೇಲೆ ಬಿಸಿಲು ಬಿತ್ತು. ಜಾಡಿನ ಬಾಯಿ ಬಾಗಿಲಿನಿಂದಲೇ ಕಾಣುತ್ತಿತ್ತು. ರಮಿಲ್‌ನ ಬಲಗಾಲು ತಾನಾಗಿ ಅಲ್ಲಾಡತೊಡಗಿತು. ಅದನ್ನು ಕೈಯಿಂದ ಒತ್ತಿ ಹಿಡಿದ.

ಅವಳ ತಟ್ಟೆಯಲ್ಲಿ ಎರಡು ತುತ್ತು ಉಳಿಯಿತು. ಆಮೇಲೆ ಒಂದು. ರಮಿಲ್ ಹೆಲ್ಮೆಟ್ಟಿನ ಪಟ್ಟಿ ಬಿಡಿಸಿ ಹಿಡಿದುಕೊಂಡ.

ಡೊಮಿಂಗಾ ಆ ತುತ್ತನ್ನು ನುಂಗಿ, ಅನ್ನದ ಪಾತ್ರೆಯನ್ನು ಹತ್ತಿರ ಎಳೆದುಕೊಂಡು, ತನ್ನ ತಟ್ಟೆಗೆ ಇನ್ನೊಂದು ಸೌಟು ಬಡಿಸಿಕೊಂಡಳು.