ರೇಡಿಯೋ ಮೇಡಂ

"ಮೂರನೇ ಒಂದು ಭಾಗ ದೊಡ್ಡದೋ, ನಾಲ್ಕನೇ ಒಂದು ಭಾಗ ದೊಡ್ಡದೋ?"

ಪ್ರಶ್ನೆಗಿಂತ ಮೊದಲು ಆ ದನಿ ಕಿವಿಗೆ ಬಿದ್ದು ಭೇಷಕ್ಕನ ಮೈ ಜುಂ ಎಂದಿತು. ಪರೀಕ್ಷೆ ಮಾಡಲು ಕೂತಿದ್ದವರು ಸಾಕ್ಷಾತ್ ರೇಡಿಯೋ ಮೇಡಂ. ಶಾಲೆಯ ಮೆಟ್ಟಿಲು ಹತ್ತದವರಿಗೆಂದು ಮಧ್ಯಾಹ್ನ ರೇಡಿಯೋದಲ್ಲಿ ಬರುತ್ತಿದ್ದ ಏಳನೇ ತರಗತಿಯ ಪಾಠವನ್ನು, ಆಸ್ಪತ್ರೆಯ ಹಾಸಿಗೆ ಬಟ್ಟೆಗೆ ಇಸ್ತ್ರಿ ಹಾಕುತ್ತಲೇ ಕಲಿತವಳು ಅವಳು. ಪಾಸಾದರೆ ಕೆಲಸ ಕಾಯಂ. ಇಲ್ಲವಾದರೆ ತಿಂಗಳ ಕೊನೆಗೆ ಮನೆಗೆ.

ರೇಡಿಯೋದಲ್ಲಿ ಮೇಡಂ ಪ್ರಶ್ನೆ ಕೇಳಿ ಸ್ವಲ್ಪ ಹೊತ್ತು ಸುಮ್ಮನಿರುತ್ತಿದ್ದರು. ಇವಳು ಇಸ್ತ್ರಿಪೆಟ್ಟಿಗೆ ಎತ್ತಿ ಹಿಡಿದು ಗಟ್ಟಿಯಾಗಿ ಉತ್ತರ ಹೇಳುವಳು. "ಭೇಷ್, ಸರಿಯಾಗಿ ಹೇಳಿದಿರಿ" ಎನ್ನುವುದು ರೇಡಿಯೋ. "ಕೇಳಿಸ್ತೇನೇ?" ಎಂದು ಪಕ್ಕದವಳತ್ತ ತಿರುಗಿ ಜಂಬ ಕೊಚ್ಚಿಕೊಳ್ಳುವಷ್ಟರಲ್ಲಿ ಮೇಡಂ ಹೇಳಿದ ಸರಿಯುತ್ತರ ಕಿವಿಗೆ ಬೀಳದೆ ಗಾಳಿಗೆ ಹೋಗಿರುತ್ತಿತ್ತು. ಭೇಷಕ್ಕ ಎಂಬ ಹೆಸರು ಅಂಟಿಕೊಂಡದ್ದು ಹಾಗೆ. ಪಾಪ, ಹೊಗಳಿಕೆ ಯಾರಿಗೆ ಬೇಡ?

"ನಾಲ್ಕನೇದು ಮೇಡಂ," ಎಂದಳು. ಮೂರಕ್ಕಿಂತ ನಾಲ್ಕು ದೊಡ್ಡದೆಂದು ಕೂಸಿಗೂ ಗೊತ್ತು.

"ತಪ್ಪು."

ಅವಳಿಗೆ ನಗು ಬಂತು. "ಇದೇ ಹೇಳಿದ್ದಕ್ಕೆ ಅವತ್ತು ನೀವೇ ಸರಿ ಅಂದಿದ್ರಲ್ಲ?"

ಮೇಡಂ ಕನ್ನಡಕ ತೆಗೆದರು. "ಅದು ಮೊದಲೇ ರೆಕಾರ್ಡ್ ಮಾಡಿಟ್ಟಿದ್ದಮ್ಮ. ಯಾರು ಏನು ಹೇಳಿದ್ರೂ ಸರಿ ಅಂತಾನೇ ಬರುತ್ತೆ. ಕಲಿಯೋರಿಗೆ ಧೈರ್ಯ ಬರಲಿ ಅಂತ."

ರೇಡಿಯೋಗೆ ಕಿವಿಯಿಲ್ಲವೆಂದು ಅವಳಿಗೆ ಗೊತ್ತಿರಲಿಲ್ಲವೆಂದಲ್ಲ. ಗೊತ್ತಿದ್ದೂ ನಂಬಿದ್ದಳು. ಈಗ ನಾಚಿಕೆಯಿಂದ ಮುಖವೆಲ್ಲ ಬಿಸಿಯಾಯಿತು.

"ಒಂದು ಬ್ರೆಡ್ಡನ್ನ ಮೂರು ಜನಕ್ಕೆ ಹಂಚಿದ್ರೆ ನಿಮ್ಮ ಪಾಲಿಗೆ ಜಾಸ್ತಿ ಬರುತ್ತೋ, ನಾಲ್ಕು ಜನಕ್ಕೆ ಹಂಚಿದ್ರೋ?"

"ಮೂರು ಜನಕ್ಕೆ," ಎಂದವಳೇ ನಾಲಿಗೆ ಕಚ್ಚಿಕೊಂಡಳು.

ಆಮೇಲಿನ ಪ್ರಶ್ನೆಗಳಲ್ಲೂ ತಪ್ಪೇ ಹೆಚ್ಚು. ಪ್ರತಿ ತಪ್ಪನ್ನೂ ಮೇಡಂ ಬಿಡಿಸಿ ತೋರಿಸಿದರು. ಅರ್ಥವಾಯಿತು, ಆದರೆ ಅಂಕ ಸಿಗಲಿಲ್ಲ.

"ಈ ಸಲ ಆಗಲ್ಲಮ್ಮ," ಎಂದರು ಕೊನೆಗೆ, ಮೆಲ್ಲಗೆ. "ಮುಂದಿನ ವರ್ಷ ಮತ್ತೆ ಪರೀಕ್ಷೆ ಕಟ್ಟಿ."

ಮುಂದಿನ ವರ್ಷಕ್ಕೆ ಕೆಲಸ ಎಲ್ಲಿರುತ್ತದೆ? ಆದರೂ ಅವಳು ಏಳಲಿಲ್ಲ.

"ಮುಂದಿನವರನ್ನ ಕರೀತೀರಾ?"

"ಹೊರಗೆ ಯಾರೂ ಇಲ್ಲ ಮೇಡಂ. ನಾನೇ ಕೊನೆಯವಳು." ಸೆರಗಿನಿಂದ ಮೂಗು ಒರೆಸಿಕೊಂಡು, ಕುರ್ಚಿಯನ್ನು ಮೇಜಿಗೆ ಇನ್ನಷ್ಟು ಹತ್ತಿರ ಎಳೆದುಕೊಂಡಳು. "ಇನ್ನೊಂದು ಕೇಳಿ. ತಪ್ಪಾದ್ರೆ ತಪ್ಪು ಅನ್ನಿ."