ತಸ್ಸಾರ್ ದೊರೆಯ ಶಂಖ

ಬೂರ್ಬೋ ದ್ವೀಪದ ಗವರ್ನರ್ ತಸ್ಸಾರ್ ದೊರೆಗೆ ಎದುರಿನ ಹಲ್ಲು ಒಂದೂ ಇರಲಿಲ್ಲ. ಫ್ರಾನ್ಸಿನಿಂದ ಬರುವಾಗ ಹಡಗಿನಲ್ಲೇ ವಸಡು ಕೊಳೆತು ಉದುರಿಹೋಗಿದ್ದವು. ಹಾಗಾಗಿ ಅವನು ಶಂಖ ಊದಿದರೆ ಸ್ವರ ನಡುವೆ ಸೀಳಿ, ಸ್ವಲ್ಪ ಗೊಗ್ಗರಾಗಿ, ಮತ್ತೆ ಕೂಡಿಕೊಳ್ಳುತ್ತಿತ್ತು. ಬೇರೆಯವರು ತಿಪ್ಪರಲಾಗ ಹಾಕಿದರೂ ಹಾಗೆ ಊದಲು ಆಗುತ್ತಿರಲಿಲ್ಲ. ಕೇಳಿದವರಿಗೆಲ್ಲ ಇದು ದೊರೆಯದೇ ಉಸಿರು ಎಂದು ಗೊತ್ತಾಗುತ್ತಿತ್ತು.

ಆ ದ್ವೀಪದಲ್ಲಿ ಇದ್ದ ಕಾನೂನು ಅಂದರೆ ಈ ಶಂಖ, ಇನ್ನೇನೂ ಇಲ್ಲ. ಉದ್ದಕ್ಕೆ ಒಂದು ಸಲ ಊದಿದರೆ ದೊರೆ ಕರೆಯುತ್ತಿದ್ದಾನೆ, ಇಳಿದು ಬನ್ನಿ, ನಿಮ್ಮ ಮೈ ಮುಟ್ಟುವುದಿಲ್ಲ ಎಂದರ್ಥ. ಗಿಡ್ಡಕ್ಕೆ ಮೂರು ಸಲ ಊದಿದರೆ ಕಡಲ್ಗಳ್ಳರು ಬಂದರು, ಬೆಟ್ಟ ಹತ್ತಿ ಎಂದರ್ಥ. ಏನೋ ಜಗಳ ಮಾಡಿ ಒಳಕಣಿವೆಗೆ ಓಡಿಹೋದವರು ಕೂಡ ಉದ್ದನೆಯ ಕೂಗು ಕೇಳಿದರೆ ಇಳಿದು ಬರುತ್ತಿದ್ದರು. ಬಂದು, ಹೊಟ್ಟೆ ತುಂಬ ಬೈಸಿಕೊಂಡು, ದಂಡಕ್ಕೆ ದೊರೆಯ ಹೊಲ ಅಗೆದು, ಮನೆಗೆ ಹೋಗುತ್ತಿದ್ದರು. ಇದೆಲ್ಲ ಹೋದ ವರ್ಷದವರೆಗಿನ ಮಾತು.

ಹೋದ ವರ್ಷ, ದ್ವೀಪವನ್ನು ಆಳುವ ಫ್ರೆಂಚ್ ಕಂಪನಿಯ ಹಡಗು ತಂದ ಕಪ್ತಾನ ಬ್ರೆಸ್ಸಾಕ್ ಒಂದು ಹುಕುಂ ಹೊರಡಿಸಿದ. ದ್ವೀಪದ ಆಮೆಗಳೆಲ್ಲ ಹಡಗಿನವರ ಊಟಕ್ಕೆ, ಊರಿನವರು ಮುಟ್ಟಕೂಡದು. ಊರಿನ ಬಸುರಿ ಹೆಣ್ಣು ಸೋವಾ ಆಮೆಯ ಈಲಿ ಬೇಕೆಂದು ಬಾಯಿಬಿಟ್ಟು ಕೇಳಿದ್ದಳು, ಅವಳ ಗಂಡ ನೊಯೆಲ್ ಒಂದನ್ನು ಕೊಂದು, ಸುದ್ದಿ ಬಯಲಾದ ಮೇಲೆ ಕಣಿವೆ ಸೇರಿದ್ದ. ತಸ್ಸಾರ್ ಬಂಡೆ ಹತ್ತಿ ಉದ್ದಕ್ಕೆ ಊದಿದ. ನೊಯೆಲ್ ಶಿಳ್ಳೆ ಹಾಕುತ್ತ ಇಳಿದು ಬಂದ. ಸಂಜೆಯೊಳಗೆ ಅವನನ್ನು ಕಡಲ ದಂಡೆಯ ಮರಕ್ಕೆ ನೇಣು ಹಾಕಿದ್ದರು.

"ಆ ಕಪ್ತಾನ ನನ್ನ ಕಣ್ಣಿಗೆ ಮಣ್ಣೆರಚಿಬಿಟ್ಟ ಕಣಮ್ಮ, ನಂಗೆ ಏನೂ ಗೊತ್ತಿರ್ಲಿಲ್ಲ," ಎಂದು ತಸ್ಸಾರ್ ಸೋವಾಳ ಎದುರು ಗಳಗಳ ಅತ್ತಿದ್ದ. ಅಳು ನಿಜ. ಮಾತು ಮಾತ್ರ ಹಸೀ ಸುಳ್ಳು. ಊದುವ ಮೊದಲೇ ಬ್ರೆಸ್ಸಾಕ್ ಹಗ್ಗದ ಸುರುಳಿಯನ್ನು ಅವನ ಮೇಜಿನ ಮೇಲೆ, ಗಂಜಿಯ ಬಟ್ಟಲಿನ ಪಕ್ಕದಲ್ಲೇ ಇಟ್ಟಿದ್ದ. ಇಂಥ ಹೇಡಿಗೆ ದೊರೆತನ ಕೊಟ್ಟವರನ್ನು ಹಿಡಿದು ಕೇಳಬೇಕು. ಆದರೆ ಅವರು ಬಹಳ ದೂರದಲ್ಲಿದ್ದರು, ಬ್ರೆಸ್ಸಾಕ್ ಹತ್ತಿರದಲ್ಲಿದ್ದ, ತಸ್ಸಾರ್ ಹೆದರಿದ.

ಸೋವಾ ಅವನನ್ನು ಬೈದಿದ್ದರೆ ಒಳ್ಳೆಯದಿತ್ತು. ಅವಳು ನಂಬಿದಳು. ನಂಬಿದ್ದಷ್ಟೇ ಅಲ್ಲ, ನನ್ನ ಹಾಗೆ ಈ ಮುದುಕನೂ ಮೋಸಹೋದನಲ್ಲ ಎಂದು ಕನಿಕರಪಟ್ಟು, ಕೂಸು ಹುಟ್ಟಿದ ಮೇಲೆ ಅವನ ಮನೆಯ ಅಡಿಗೆಗೂ ಬರತೊಡಗಿದಳು.

"ಅನ್ನ ಮೆತ್ತಗೆ ಕಿವುಚಿದೀನಿ, ತಿನ್ನಿ ದೊರೆ," ಎನ್ನುತ್ತಿದ್ದಳು. "ಹಲ್ಲಿಲ್ಲದ ಮಕ್ಕಳು ಎರಡು ನಂಗೆ. ಚಿಕ್ಕದು ಹಟ ಮಾಡಲ್ಲ, ದೊಡ್ಡದಕ್ಕೇ ದಿನಾ ಗೋಳು."

ತಸ್ಸಾರ್ ನಗುತ್ತಿದ್ದ. ಇವತ್ತು ಹೇಳಿಬಿಡುತ್ತೇನೆ ಎಂದುಕೊಳ್ಳುವನು. ಅಷ್ಟರಲ್ಲಿ ಅವಳು ಬಟ್ಟಲಿಗೆ ಇನ್ನೊಂದು ಸೌಟು ಸೊಪ್ಪಿನ ಸಾರು ಹಾಕುವಳು, ಅವನು ತಲೆ ತಗ್ಗಿಸಿ ಉಣ್ಣುವನು.

ಬಾವನಿಗೆ ನೇಣಾದ ದಿನದಿಂದ ಸೋವಾಳ ತಮ್ಮ ಫಾರಲಾಹಿ ಒಳಕಣಿವೆಯಲ್ಲೇ ಗುಡಿಸಲು ಹಾಕಿಕೊಂಡಿದ್ದ. ಕಂಪನಿಯನ್ನು ಅವನು ನಂಬುತ್ತಿರಲಿಲ್ಲ. ದೊರೆಯ ಶಂಖವನ್ನು ನಂಬುತ್ತಿದ್ದ, ದೊರೆಗೂ ಮೋಸವಾಯಿತೆಂದು ಅಕ್ಕ ಹೇಳಿದ್ದಳಲ್ಲ. ಕೂಸಿನ ನಾಮಕರಣಕ್ಕೆ ತಸ್ಸಾರ್ ಊದಿದಾಗ ಎರಡು ಕಾಡುಮೇಕೆ ಹೊತ್ತುಕೊಂಡೇ ಬಂದಿದ್ದ.

ಈ ವರ್ಷದ ಹಡಗು ಬಂತು. ಇಳಿದವನು ಅದೇ ಬ್ರೆಸ್ಸಾಕ್.

"ಮೇಲೆ ಒಬ್ಬ ಆಮೆ ತಿಂದ್ಕೊಂಡು ಆರಾಮಾಗಿ ಕೂತಿದಾನಂತೆ," ಎಂದ, ಟೊಪ್ಪಿಗೆ ತೆಗೆಯದೆ. "ಅವನನ್ನ ಹೀಗೇ ಬಿಟ್ರೆ ನಾಳೆ ಊರೇ ಬೆಟ್ಟ ಹತ್ತುತ್ತೆ. ಹೋದ ಸಲ ಚೆನ್ನಾಗಿ ಊದಿದ್ರಿ. ಈಗ ಇನ್ನೊಂದ್ಸಲ."

"ಅವನು ಇವತ್ತು ಬರಲ್ಲ. ಹಡಗು ನೋಡಿರ್ತಾನೆ."

"ಒಳಕಣಿವೆಗೆ ಕಡಲು ಕಾಣಲ್ಲ ಅಂತ ನೀವೇ ಹೇಳಿದ್ರಿ, ಹೋದ ಸಲ."

ಹೇಳಿದ್ದು ಹೌದು. ತಸ್ಸಾರ್ ಕೇಳಿದ, "ನಾನು ಊದ್ದೇ ಹೋದ್ರೆ?"

"ಕಾಲಿಗೆ ಕೋಳ. ನಿಮ್ಮ ಜಾಗಕ್ಕೆ ಹಲ್ಲಿರೋ ಗವರ್ನರ್."

ಬಂಡೆಯ ಹತ್ತಿರ ಊರೆಲ್ಲ ನೆರೆದಿತ್ತು. ಹಿಂದೆ ಸಿಪಾಯಿಗಳು ಬಂದೂಕು ಹಿಡಿದು ನಿಂತಿದ್ದರು. ಸೋವಾ ಕೂಸನ್ನು ಸೊಂಟದಲ್ಲಿ ಇಟ್ಟುಕೊಂಡು, ದೊರೆಗೆಂದು ಕಿವುಚುತ್ತಿದ್ದ ಅನ್ನದ ಪಾತ್ರೆಯನ್ನು ಇನ್ನೊಂದು ಕೈಯಲ್ಲಿ ಹಿಡಿದೇ ಓಡಿಬಂದಿದ್ದಳು. ಜನರನ್ನು ಸರಿಸಿಕೊಂಡು ಬಂದು ತಸ್ಸಾರನಿಗೆ ಅಡ್ಡ ನಿಂತಳು.

"ಊದಬೇಡಿ ದೊರೆ. ಈ ಮನುಷ್ಯ ಮತ್ತೆ ನಿಮಗೆ ಮೋಸ ಮಾಡ್ತಾನೆ. ನಿಮ್ಮದು ಹೆಂಗರುಳು, ನಿಮಗೆ ಇವೆಲ್ಲ ತಿಳಿಯಲ್ಲ."

ಅವಳ ಕಣ್ಣನ್ನು ನೋಡಲಾಗದೆ ತಸ್ಸಾರ್ ಬಂಡೆ ಹತ್ತಿದ. ದೂರದ ಬೆಟ್ಟದ ಏಣಿನ ಆಚೆ ಒಂದೆಳೆ ಹೊಗೆ ಏಳುತ್ತಿತ್ತು. ಫಾರಲಾಹಿ ಅಡಿಗೆ ಮಾಡುತ್ತಿರಬೇಕು. ಶಂಖವನ್ನು ತುಟಿಗಿಟ್ಟಾಗ ಅವನಿಗೆ ನೊಯೆಲನ ಶಿಳ್ಳೆ ನೆನಪಾಯಿತು. ಎಷ್ಟು ಕೆಟ್ಟದಾಗಿ ಶಿಳ್ಳೆ ಹಾಕುತ್ತಿದ್ದ ಆ ಹುಡುಗ, ಒಂದು ರಾಗವೂ ನೆಟ್ಟಗೆ ಬರುತ್ತಿರಲಿಲ್ಲ.

ಗಿಡ್ಡಕ್ಕೆ ಊದಿದ. ಮತ್ತೊಮ್ಮೆ ಊದಿದ. ಸಿಪಾಯಿ ಬಂದು ಹಿಡಿಯುವ ಮೊದಲು ಮೂರನೆಯದನ್ನೂ ಊದಿದ.

ಎಲ್ಲರೂ ಏಣಿನ ಕಡೆ ನೋಡುತ್ತ ನಿಂತರು. ಹೊಗೆ ತೆಳ್ಳಗಾಯಿತು, ಆಮೇಲೆ ಇಲ್ಲವೇ ಇಲ್ಲ. ಫಾರಲಾಹಿ ಒಲೆ ಆರಿಸಿ ಇನ್ನೂ ಮೇಲಕ್ಕೆ ಹೊರಟಿದ್ದ. ಅಲ್ಲಿಗೆ ಹೋಗಿ ಅವನನ್ನು ಹಿಡಿಯುವ ಸಿಪಾಯಿ ಇನ್ನೂ ಹುಟ್ಟಿರಲಿಲ್ಲ.

"ಭೇಷ್ ದೊರೆ," ಎಂದ ಗುಂಪಿನಲ್ಲೊಬ್ಬ ಮುದುಕ. ಸೋವಾ ಅಳುತ್ತಾ ನಗುತ್ತಾ ಪಾತ್ರೆ ಕೆಳಗಿಟ್ಟು, ಸಿಪಾಯಿ ಬಂಡೆಯಿಂದ ಇಳಿಸಿದ ದೊರೆಯ ಕೈ ಹಿಡಿದು ಹಣೆ ಹಚ್ಚಿದಳು. ಒಂದು ಕ್ಷಣ, ಬರೀ ಒಂದು ಕ್ಷಣ, ತಸ್ಸಾರನಿಗೆ ತನ್ನ ಲೆಕ್ಕ ಚುಕ್ತಾ ಆಯಿತು ಅನಿಸಿತು.

ಬ್ರೆಸ್ಸಾಕನ ಮುಖ ಕೆಂಪೇರಿತ್ತು. "ಹೋದ ವರ್ಷ ಹಗ್ಗ ಕಣ್ಣೆದುರೇ ಇಟ್ಟಿದ್ದೆ, ನೀನು ತೆಪ್ಪಗೆ ಊದಿದೆ. ಈ ವರ್ಷ ಏನಯ್ಯಾ ಬಂತು ನಿಂಗೆ?"

ಸೋವಾ ತಲೆ ಎತ್ತಿದಳು. ಕಪ್ತಾನನ ಮುಖ ನೋಡಿದಳು, ಆಮೇಲೆ ದೊರೆಯ ಮುಖ ನೋಡಿದಳು. ಅವನು ಸುಳ್ಳು ಹೇಳಲಿ ಎಂದು ಕಾಯುತ್ತಿದ್ದಳೇನೋ, ಅಷ್ಟು ಹೊತ್ತು ನೋಡಿದಳು.

"ಹಗ್ಗ ನೋಡಿದ್ರಾ ದೊರೆ?"

"ನೋಡಿದ್ದೆ."

"ಊದೋ ಮುಂಚೆ?"

"ಹೂಂ."

ಅವಳು ಹಿಡಿದಿದ್ದ ಕೈ ಬಿಟ್ಟಳು. ಬೈಯಲಿಲ್ಲ, ಎದೆ ಬಡಿದುಕೊಳ್ಳಲಿಲ್ಲ. ಬಗ್ಗಿ ಅನ್ನದ ಪಾತ್ರೆ ಎತ್ತಿಕೊಂಡಳು.

"ಮೂರು ಸಲ ಊದಿದ್ರೆ ಓಡಬೇಕು ಅಂತ ನೊಯೆಲ್‌ಗೂ ಗೊತ್ತಿತ್ತಲ್ಲ ದೊರೆ," ಎಂದಳು.

ಸಿಪಾಯಿಗಳು ಅವನ ಕಾಲಿಗೆ ಕೋಳ ಹಾಕುವಾಗ ಅವಳು ಮನೆಯ ದಾರಿ ಹಿಡಿದಾಗಿತ್ತು. ಹಡಗಿಗೆ ಒಯ್ಯುವ ದೋಣಿಯಲ್ಲಿ ಕುಳಿತ ತಸ್ಸಾರನಿಗೆ ಅವಳ ಅಂಗಳ ಚೆನ್ನಾಗಿಯೇ ಕಾಣುತ್ತಿತ್ತು. ಹೊಸ್ತಿಲ ಮೇಲೆ ಕೂತು, ಅವನಿಗೆಂದು ಕಿವುಚಿದ್ದ ಅನ್ನವನ್ನು ಅವಳು ಕೂಸಿಗೆ ತಿನ್ನಿಸುತ್ತಿದ್ದಳು. ಕಡಲ ಕಡೆ ಬೆನ್ನು ಮಾಡಿ ಕೂತಿದ್ದಳು.